ಬೀಗರ ಮುಖವಾಡ

ಇದನ್ನು ಬರೆಯಬೇಕೆಂದು ಅಂದುಕೊಂಡು ಬಹಳ ಕಾಲವಾಯಿತು. ಮೊದಲು ಕಣ್ಣಿನ ಪೊರೆ ತೆಗೆಸಿಬಿಡೋಣ, ಆಮೇಲೆ ಬರೆದರಾಯಿತು ಅಂದುಕೊಂಡೆ. ಪೊರೆ ತೆಗೆಸಿದ್ದಾಯಿತು. ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದೆ, ಅದೂ ಮುಗಿಯಿತು. ನಿಜ ಹೇಳಬೇಕೆಂದರೆ, ಇದನ್ನು ಯಾರಿಗೂ ಹೇಳದೆ ಕಣ್ಣು ಮುಚ್ಚಿಬಿಡಬಹುದು ಎಂದು ನಾನು ಕಾಯುತ್ತಿದ್ದೆ. ಈಗ ಹಾಗೆ ಹೋಗುವುದಕ್ಕೇ ಹೆದರಿಕೆಯಾಗುತ್ತಿದೆ.

ನಾನು ಎಸ್‌ಎಸ್‌ಎಲ್‌ಸಿವರೆಗೆ ಓದಿದವನು. ಹುಡುಗನಾಗಿದ್ದಾಗ ಒಂದು ನಾಟಕ ಕಂಪನಿ ಸೇರಿ, ನಟರಿಗೆ ಬಣ್ಣ ಹಚ್ಚುವ ಕೆಲಸ ಕಲಿತೆ. ಕಂಪನಿ ಮುಚ್ಚಿದ ಮೇಲೆ ಅಂಗಡಿಗಳಿಗೆ ಬೋರ್ಡು ಬರೆದುಕೊಂಡು ಸಂಸಾರ ನಡೆಸಿದೆ. ಇದ್ದ ಒಬ್ಬಳೇ ಮಗಳು ಡಾಕ್ಟರಾಗಿ ಬರ್ಮಿಂಗ್‌ಹ್ಯಾಮಿಗೆ ಬಂದಳು. ಹೆಂಡತಿ ತೀರಿಕೊಂಡ ಮೇಲೆ ನಾನೂ ಇಲ್ಲಿಗೆ ಬಂದು, ಎಜ್‌ಬಾಸ್ಟನ್ನಿನಲ್ಲಿ ಮಗಳು ಅಳಿಯನ ಮನೆಯಲ್ಲಿ ಉಳಿದುಬಿಟ್ಟೆ. ಅಳಿಯ ಕಾರಿನ ಭಾಗಗಳನ್ನು ತಯಾರಿಸುವ ಕಡೆ ಎಂಜಿನಿಯರ್. ಆಸ್ಪತ್ರೆಯಲ್ಲಿ ಮಗಳ ಪಾಳಿ ಹೇಗೆ ಬಂದರೂ ಅವನೇ ಅನ್ನಕ್ಕಿಟ್ಟು ನನಗೆ ಬಡಿಸುತ್ತಿದ್ದ. ಅವನ ತಂದೆ, ಎಂದರೆ ನನ್ನ ಬೀಗರು, ನಿವೃತ್ತ ಸರ್ಕಾರಿ ಎಂಜಿನಿಯರ್, ಮೈಸೂರಿನವರು. ಅವರಿಗೂ ಹೆಂಡತಿ ಇರಲಿಲ್ಲ. ಹಿರಿಯ ಮಗನ ಮನೆ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ. ಸ್ವಲ್ಪ ದಿನ ಅಲ್ಲಿ, ಸ್ವಲ್ಪ ದಿನ ನಮ್ಮಲ್ಲಿ ಇರುತ್ತಿದ್ದರು.

ನಾನು ಹೇಳಲು ಹೊರಟಿರುವುದು ಅವರ ಮುಖದ ವಿಷಯ.

ಇಲ್ಲಿಗೆ ಬಂದ ಮೇಲೆ ಅವರಿಗೆ ಮುಖಕ್ಕೆ ಲಕ್ವ ಹೊಡೆಯಿತು. ಕೈಕಾಲು ಸರಿಯಾಗಿದ್ದವು, ಮುಖದ ಎಡಭಾಗ ಮಾತ್ರ ಬಿದ್ದುಹೋಯಿತು. ಆ ಕಡೆಯ ಹಣೆಯಲ್ಲಿ ಒಂದು ಗೆರೆಯೂ ಉಳಿಯದೆ ನುಣ್ಣಗಾಯಿತು. ಕಣ್ಣಿನ ರೆಪ್ಪೆ ಅರ್ಧ ಇಳಿದು, ಬಾಯಿಯ ಮೂಲೆ ಜೋತಿತು. ಬಲಭಾಗ ಮೊದಲಿನ ಹಾಗೇ ಇತ್ತು. ಹುಬ್ಬು ಎತ್ತಿ ಗದರುವ ಅಧಿಕಾರಿಯ ಮುಖ. ಅಂದಿನಿಂದ ಯಾರಾದರೂ ಮನೆಗೆ ಬಂದರೆ ಬೀಗರು ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದರು. ಅಲ್ಲಿ ಕೂತರೆ ಬಂದವರಿಗೆ ಬಲಗೆನ್ನೆ ಮಾತ್ರ ಕಾಣುತ್ತಿತ್ತು. ಇದನ್ನು ಮನೆಯಲ್ಲಿ ಗಮನಿಸಿದವನು ನಾನೊಬ್ಬನೇ ಇರಬೇಕು. ಮುಖ ನೋಡುವುದು ನನ್ನ ಕಸುಬಾಗಿತ್ತು.

ಇದಾಗಿ ಕೆಲವು ವರ್ಷಗಳ ಮೇಲೆ ನಮ್ಮ ಕಡೆಯ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವಕ್ಕೆ ಒಂದು ನಾಟಕ ಮಾಡಬೇಕೆಂದರು. ಲಫ್‌ಬರೋದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಧಾರವಾಡದ ಹುಡುಗಿಯೊಬ್ಬಳು ಆಡಿಸುತ್ತೇನೆಂದು ಮುಂದೆ ಬಂದಳು. ಊರಿನಲ್ಲಿ ಅವಳು ನಾಟಕದ ತಂಡದಲ್ಲಿದ್ದವಳು. ಹಳೆಯ ರೋಮಿನ ಪ್ರಹಸನಗಳ ಧಾಟಿಯಲ್ಲಿ ತಾನೇ ಒಂದು ಕಥೆ ಹೆಣೆದಿದ್ದಳು. ಸಿಡುಕು ಮುದುಕ, ಅವನ ಮಗ, ಮಗನ ಪರವಾಗಿ ಮುದುಕನನ್ನು ಮೋಸಗೊಳಿಸುವ ಆಳು, ಇಷ್ಟೇ ಕಥೆ. ಆದರೆ ಎಲ್ಲರೂ ಆಗಿನವರಂತೆ ಮುಖವಾಡ ಹಾಕಿಕೊಂಡೇ ಆಡಬೇಕು ಎಂಬುದು ಅವಳ ಹಟ. ನಾನು ಬಣ್ಣದವನೆಂದು ಯಾರೋ ಹೇಳಿ, ನಮ್ಮ ಮನೆ ಹುಡುಕಿಕೊಂಡು ಬಂದಳು.

"ಅಜ್ಜಾರ, ನೀವು ಬಣ್ಣಾ ಹಚ್ಚಿದವರಂತ. ಮುಖವಾಡ ಮಾಡ್ತೀರೇನು?"

"ಮಾಡಿಲ್ಲಮ್ಮ. ನಾವು ಇರೋ ಮುಖಕ್ಕೇ ಬಣ್ಣ ಹಾಕ್ತಿದ್ವಿ."

"ಅವರು ಇರೋ ಮುಖಾನ ಮುಚ್ಚಿಬಿಡ್ತಿದ್ರು ನೋಡ್ರಿ. ಬರೇ ಮುಖ ಅಲ್ಲ, ಇಡೀ ತಲಿನ. ಕೂದಲಾ ಸೈತ ಅದಕ್ಕ ಅಂಟಿಸಿರತಿತ್ತು."

ಆಮೇಲೆ ಅವಳು ಹೇಳಿದ್ದನ್ನೆಲ್ಲ ನಾನು ಬಾಯಿಬಿಟ್ಟುಕೊಂಡು ಕೇಳಿದೆ. ಗ್ರೀಕರು ನಾರುಬಟ್ಟೆಯ ತುಂಡುಗಳನ್ನು ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರ ಕೂರಿಸಿ ಮುಖವಾಡ ಮಾಡುತ್ತಿದ್ದರಂತೆ. ಹೆಂಗಸರ ಪಾತ್ರವನ್ನೂ ಗಂಡಸರೇ ಆಡುತ್ತಿದ್ದರಂತೆ. ಅದು ನನಗೆ ಹೊಸದಲ್ಲ, ನಮ್ಮ ಕಂಪನಿಗಳಲ್ಲೂ ಒಂದು ಕಾಲಕ್ಕೆ ಹಾಗೇ ಇತ್ತು. ಅವರಲ್ಲಿ ನಟರು ಕೆಲವರೇ, ಪಾತ್ರಗಳು ಹೆಚ್ಚು. ಒಬ್ಬನೇ ಒಳಗೆ ಹೋಗಿ ರಾಣಿಯಾಗಿ ಬರುವನು, ಮತ್ತೆ ಹೋಗಿ ದೂತನಾಗಿ ಬರುವನು. ಬೆಟ್ಟದ ಇಳಿಜಾರಿನಲ್ಲಿ ಸಾವಿರಾರು ಜನ ಕೂರುತ್ತಿದ್ದರಿಂದ ತೀರ ಹಿಂದೆ ಕೂತವನಿಗೂ ಇವನು ಮುದುಕ, ಇವಳು ಹುಡುಗಿ, ಇವನು ಆಳು ಎಂದು ಮುಖವಾಡ ನೋಡಿದ ಕೂಡಲೇ ಗೊತ್ತಾಗಬೇಕಿತ್ತು. ರೋಮಿನವರು ಇದನ್ನೆಲ್ಲ ಗ್ರೀಕರಿಂದ ತೆಗೆದುಕೊಂಡು ತಮ್ಮದಾಗಿ ಮಾಡಿಕೊಂಡರಂತೆ. ಅಷ್ಟು ಮುಖವಾಡಗಳಲ್ಲಿ ಒಂದೂ ಈಗ ಉಳಿದಿಲ್ಲ. ಮಣ್ಣಿನಲ್ಲಿ, ಕಲ್ಲಿನಲ್ಲಿ ಕೆತ್ತಿಟ್ಟ ನಕಲುಗಳು ಮಾತ್ರ ಇವೆ ಎಂದಳು.

ಅವಳು ತೋರಿಸಿದ ಚಿತ್ರಗಳಲ್ಲಿ ಸಿಡುಕು ತಂದೆಯ ಮುಖವಾಡ ಒಂದಿತ್ತು. ಅದರ ಒಂದು ಹುಬ್ಬು ಮೇಲಕ್ಕೆ ಸೆಟೆದಿತ್ತು, ಇನ್ನೊಂದು ಸಮವಾಗಿತ್ತು.

"ಇದು ಮುರಿದಿದೆಯಾ?" ಎಂದೆ.

"ಮುರಿದಿಲ್ರಿ ಅಜ್ಜಾರ. ಬೇಕಂತನ ಹಂಗ ಮಾಡ್ಯಾರ. ಸಿಟ್ಟು ಬಂದಾಗ ಈ ಮಗ್ಗಲು ಮಂದೀಗೆ ತೋರ್ಸೋದು, ಸಮಾಧಾನ ಆದಾಗ ಆ ಮಗ್ಗಲು. ಮುಖವಾಡ ತಾನಾಗಿ ಬದಲಾಗೂದಿಲ್ಲ ನೋಡ್ರಿ, ಅದಕ್ಕ ನಟನ ತಿರುಗಬೇಕು."

ನಾನು ಆ ಚಿತ್ರವನ್ನು ನೋಡುತ್ತಿದ್ದಾಗ ಬೀಗರು ಕಿಟಕಿಯ ಬಳಿ ಬಲಗೆನ್ನೆ ನಮ್ಮ ಕಡೆಗಿಟ್ಟು ಪೇಪರ್ ಓದುತ್ತಿದ್ದರು. ನನ್ನ ಬುದ್ಧಿ ಕೆಟ್ಟದ್ದು ಆಗ.

ಬೀಗರನ್ನು ಗೇಲಿ ಮಾಡುವುದು ನಮ್ಮಲ್ಲಿ ತಪ್ಪಲ್ಲ. ಮದುವೆಯಲ್ಲಿ ಹೆಂಗಸರು ಬೀಗರ ಮೂಗು, ಹೊಟ್ಟೆ, ಜಿಪುಣತನ ಎಲ್ಲವನ್ನೂ ಹಾಡು ಕಟ್ಟಿ ಹಂಗಿಸುತ್ತಾರೆ. ಹಂಗಿಸದಿದ್ದರೆ ಅವರಿಗೇ ಬೇಸರ. ಕಂಪನಿಯಲ್ಲೂ ಒಂದು ರೂಢಿಯಿತ್ತು. ಹೊಸ ಊರಲ್ಲಿ ಕ್ಯಾಂಪು ಹಾಕಿದ ಕೂಡಲೇ ನಮ್ಮ ಹಾಸ್ಯಗಾರ ಸಂತೆಬೀದಿಯಲ್ಲಿ ಸುತ್ತಿ, ಆ ಊರಿನ ಯಾರಾದರೂ ದೊಡ್ಡ ಮನುಷ್ಯನ ನಡಿಗೆ, ಕೆಮ್ಮು ಕಲಿತು ಬರುತ್ತಿದ್ದ. ನಾನು ಅದಕ್ಕೆ ತಕ್ಕ ಮೀಸೆ, ಮಚ್ಚೆ ಇಡುತ್ತಿದ್ದೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಆ ದೊಡ್ಡ ಮನುಷ್ಯನೂ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದ. ಇವೆರಡೂ ಸೇರಿ ನನಗೆ ಪರವಾನಗಿ ಕೊಟ್ಟಂತಾಯಿತು ಎಂದು ಆಗ ನನಗೆ ನಾನೇ ಹೇಳಿಕೊಂಡೆ.

ಆದರೆ ಅಷ್ಟೇ ಅಲ್ಲ. ಬೀಗರ ಔತಣದ ದಿನ ಇದೇ ಬೀಗರು ಎಲೆಯ ಮುಂದೆ ಕೂತು, ಸುತ್ತಲಿನವರಿಗೆಲ್ಲ ಕೇಳುವಂತೆ ಅಂದಿದ್ದರು: "ನಮ್ಮ ಬೀಗರು ಬಣ್ಣದಲ್ಲಿ ಪಳಗಿದವರು. ಸೊಸೆ ಬಣ್ಣ ಅಸಲೋ ನಕಲೋ, ಮನೆ ತುಂಬಿಸಿಕೊಳ್ಳೋಕೆ ಮುಂಚೆ ಒಂದ್ಸಲ ಮುಖ ತೊಳೆಸಿ ನೋಡ್ಬೇಕು!" ಎಲ್ಲರೂ ನಕ್ಕರು. ಅದೂ ಬೀಗರ ಗೇಲಿಯೇ. ನಾನೂ ನಕ್ಕೆ. ಮಗಳು ತಲೆ ತಗ್ಗಿಸಿ ಬಡಿಸುತ್ತಿದ್ದಳು. ಆ ಮಾತು ನನ್ನೊಳಗೆ ಕೂತಿತ್ತು. ಅವರ ಮುಖ ಬಿದ್ದುಹೋದ ದಿನ ನನಗೆ ದುಃಖವಾಯಿತು ಎಂದು ಎಲ್ಲರಿಗೂ ಹೇಳಿದೆ. ಸ್ವಲ್ಪ ಸಮಾಧಾನವೂ ಆಗಿತ್ತು.

ಗ್ಯಾರೇಜಿನಲ್ಲಿ ಕೆಲಸ ಶುರುಮಾಡಿದೆ. ಜೇಡಿಮಣ್ಣಿನಲ್ಲಿ ಅಚ್ಚು ಮಾಡಿ, ಹಳೆಯ ಬೆಡ್‌ಶೀಟು ಹರಿದು, ಮೈದಾ ಅಂಟಿನಲ್ಲಿ ಅದ್ದಿ ಕೂರಿಸಿದೆ. ಇಲ್ಲಿಯ ಹವೆಗೆ ಒಣಗುವುದೇ ಕಷ್ಟ, ರೇಡಿಯೇಟರಿನ ಪಕ್ಕ ಇಟ್ಟರೆ ಬಿರುಕು ಬಿಡುತ್ತಿತ್ತು. ಮಗ ಮತ್ತು ಆಳಿನ ಮುಖವಾಡಗಳು ಚಿತ್ರದಲ್ಲಿದ್ದ ಹಾಗೇ ಬಂದವು. ಸಿಡುಕು ತಂದೆಯದನ್ನು ಮಾತ್ರ ನಾನು ಚಿತ್ರ ನೋಡಿ ಮಾಡಲಿಲ್ಲ.

ಆ ಪಾತ್ರಕ್ಕೆ ಹುಡುಗಿ ಆರಿಸಿಕೊಂಡದ್ದು ನನ್ನ ಅಳಿಯನನ್ನು. ಅವನ ದನಿ ದಪ್ಪ. ಬಣ್ಣವಿಲ್ಲದ ಬಿಳಿ ಮುಖವಾಡ ಹಾಕಿಕೊಂಡು ಅವನು ತಾಲೀಮು ಮಾಡುತ್ತಿದ್ದ. ಬಿಳಿಯಲ್ಲಿ ಯಾರ ಹೋಲಿಕೆಯೂ ಗೊತ್ತಾಗುವುದಿಲ್ಲ. ಒಂದು ಹುಬ್ಬು ಮೇಲೆ, ಒಂದು ಕೆಳಗೆ, ಅಷ್ಟೇ.

"ಮಾವ, ಒಳಗಡೆ ಸಕತ್ ಸೆಕೆ. ನನ್ನುಸಿರೇ ನನ್ನ ಮೂಗಿಗೆ ಬರತ್ತೆ," ಎನ್ನುತ್ತಿದ್ದ. "ಎದುರಿಗೆ ಯಾರಿದಾರೆ ಅಂತಾನೇ ಕಾಣಲ್ಲ. ಲೈಟು ಮಾತ್ರ ಕಾಣತ್ತೆ."

"ಕಾಣದೇ ಇದ್ರೆ ಒಳ್ಳೇದೇ ಬಿಡಪ್ಪ. ಹೆದರಿಕೆ ಇರಲ್ಲ."

"ಅದೂ ನಿಜ. ಆಫೀಸಿಗೂ ಒಂದು ಮಾಡ್ಕೊಡಿ, ಮೀಟಿಂಗಿಗೆ ಹಾಕ್ಕೊಂಡು ಹೋಗ್ತೀನಿ."

ಮೋಸ ಹೋಗುವ ಕಡೆಯೆಲ್ಲ ಜನರಿಗೆ ಎಡಗೆನ್ನೆ ತೋರಿಸು, ಗದರುವ ಕಡೆಯೆಲ್ಲ ಬಲಗೆನ್ನೆ ತೋರಿಸು ಎಂದು ಹುಡುಗಿ ಅವನಿಗೆ ಕಲಿಸಿದ್ದಳು. ಅವಳಿಗೆ ಬೀಗರ ವಿಷಯ ಏನೂ ತಿಳಿಯದು. ಅವರನ್ನು ಸರಿಯಾಗಿ ನೋಡಿಯೂ ಇರಲಿಲ್ಲ.

ನಾಟಕದ ದಿನ ಬೆಳಿಗ್ಗೆ ನಾನೊಬ್ಬನೇ ಗ್ಯಾರೇಜಿನಲ್ಲಿ ಕೂತು ಬಣ್ಣ ಹಾಕಿದೆ. ಎಡಗಣ್ಣಿನ ರೆಪ್ಪೆ ಇಳಿಸಿದೆ. ಬಾಯಿಯ ಎಡಮೂಲೆ ಜೋಲಿಸಿದೆ. ಮೂಗಿನ ಪಕ್ಕದ ಮಚ್ಚೆ ಇಟ್ಟೆ. ಬೋಳುತಲೆಯ ಮೇಲೆ ಪಕ್ಕದಿಂದ ಎಳೆದು ಬಾಚಿದ ಕೂದಲು ಅಂಟಿಸಿದೆ. ಅಷ್ಟು ಚೆನ್ನಾಗಿ ನಾನು ಕಂಪನಿಯಲ್ಲಿದ್ದಾಗಲೂ ಕೆಲಸ ಮಾಡಿರಲಿಲ್ಲ. ಬಟ್ಟೆಯಲ್ಲಿ ಸುತ್ತಿಕೊಂಡು ನಾಟಕದ ಹಾಲಿಗೆ ಒಯ್ದೆ. ತೆರೆ ಏಳುವ ಮುಂಚೆ ಬಣ್ಣವನ್ನು ಯಾರೂ ನೋಡಬಾರದು, ಅದು ಕಂಪನಿಯ ಪದ್ಧತಿ ಎಂದು ಅಳಿಯನಿಗೆ ಹೇಳಿದೆ. ಅಂಥ ಪದ್ಧತಿ ಇರಲಿಲ್ಲ. ಅವನು ನಂಬಿ ಬೆನ್ನು ತಿರುಗಿಸಿ ನಿಂತ. ನಾನು ಹಿಂದಿನಿಂದ ತಲೆಗೆ ಇಳಿಸಿ ದಾರ ಕಟ್ಟಿದೆ.

ಪಕ್ಕದಲ್ಲಿ ನಿಂತಿದ್ದ ಹುಡುಗಿ, "ಅಯ್ಯ, ಜೀವಂತ ಮನಷ್ಯಾರ ಹಂಗ ಐತೆಲ್ರಿ ಅಜ್ಜಾರ!" ಎಂದಳು.

ಬೀಗರು ಮೊದಲನೆಯ ಸಾಲಿನಲ್ಲಿ ಕೂತಿದ್ದರು. ಮಗನ ನಾಟಕ ನೋಡಲೆಂದೇ ಡಿಡ್ಸ್‌ಬರಿಯಿಂದ ಬಂದು, ಕ್ರಿಸ್‌ಮಸ್‌ವರೆಗೆ ನಮ್ಮಲ್ಲೇ ಇರುವುದಾಗಿ ಹೇಳಿದ್ದರು. ಅಳಿಯ ರಂಗಕ್ಕೆ ಬಂದು ಬಲಗೆನ್ನೆ ತೋರಿಸಿ ಗದರಿದ. ಜನ ಮೊದಲು ಸುಮ್ಮನಿದ್ದರು. ಆಮೇಲೆ ಅವನು ಎಡಗೆನ್ನೆಯನ್ನು ಜನರ ಕಡೆ ತಿರುಗಿಸಿದ. ಹಾಲಿನಲ್ಲಿ ಎಲ್ಲೋ ಒಬ್ಬರು ಕಿಸಕ್ಕೆಂದರು. ಅಲ್ಲಿದ್ದವರಿಗೆಲ್ಲ ಬೀಗರ ಪರಿಚಯವಿತ್ತು. ಮಗ ತಂದೆಯ ನಕಲು ಮಾಡುತ್ತಿದ್ದಾನೆ ಎಂದುಕೊಂಡರು. ನಗು ಎದ್ದಿತು. ಆಳು ಬಂದು ಮುದುಕನಿಗೆ ಟೋಪಿ ಹಾಕಿದಾಗಲೆಲ್ಲ ಆ ಜೋತ ಬಾಯಿ, ಅರ್ಧ ಮುಚ್ಚಿದ ಕಣ್ಣು ಜನರ ಕಡೆ ತಿರುಗುತ್ತಿತ್ತು. ಬೀಗರು ವರ್ಷಗಟ್ಟಲೆ ಯಾರಿಗೂ ಕಾಣದಂತೆ ಕೂತಿದ್ದ ಆ ಬದಿಯನ್ನು ನಾನು ದೀಪದ ಕೆಳಗೆ ಇಟ್ಟಿದ್ದೆ.

ನಾನು ಪಕ್ಕದ ಪರದೆಯ ಸಂದಿಯಿಂದ ಅವರನ್ನು ನೋಡಿದೆ. ಅವರು ನಗುತ್ತಿರಲಿಲ್ಲ. ನಮ್ಮ ಕಂಪನಿಯ ಹಾಸ್ಯಗಾರ ಆಡುತ್ತಿದ್ದಾಗ ಅವನ ಒಂದು ಕಣ್ಣು ಯಾವಾಗಲೂ ಮುಂದಿನ ಸಾಲಿನ ಮೇಲಿರುತ್ತಿತ್ತು. ದೊಡ್ಡ ಮನುಷ್ಯನ ಮುಖ ಸಪ್ಪಗಾದರೆ ಅಲ್ಲಿಗೇ ನಕಲು ಬಿಟ್ಟು ಬೇರೆ ಮಾತಿಗೆ ಹಾರುತ್ತಿದ್ದ. ಮುಖವಾಡಕ್ಕೆ ಅದು ಬರುವುದಿಲ್ಲ. ಒಳಗಿರುವವನಿಗೆ ಎದುರಿನವರು ಕಾಣುವುದಿಲ್ಲ, ಕೇಳಿಸುವುದು ನಗು ಮಾತ್ರ. ಅಳಿಯ ಆ ನಗು ಕೇಳಿ ಇನ್ನಷ್ಟು ಹುರುಪಿನಿಂದ ತಿರುಗಿದ, ಮತ್ತೆ ತಿರುಗಿದ. ಅವನನ್ನು ನಿಲ್ಲಿಸಬಹುದಾಗಿದ್ದವನು ನಾನೊಬ್ಬನೇ. ನಿಲ್ಲಿಸಲಿಲ್ಲ.

ಮುಗಿದ ಮೇಲೆ ಮುಖವಾಡವನ್ನು ನಾನೇ ಬಿಚ್ಚಿ, ಅವನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬಟ್ಟೆಯಲ್ಲಿ ಸುತ್ತಿದೆ. ಹೊರಗೆ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತವರು ಬೀಗರನ್ನು ಸುತ್ತುವರಿದಿದ್ದರು.

"ಏನ್ ಸಾರ್, ಮಗರಾಯ ನಿಮ್ಮನ್ನ ಥೇಟ್ ಇಳಿಸಿಬಿಟ್ಟ!"

"ಮುಂದಿನ ಸಲ ನೀವೇ ಸ್ಟೇಜಿಗೆ ಬಂದ್ಬಿಡಿ ಸಾರ್, ಮಾಸ್ಕ್ ಖರ್ಚು ಉಳಿಯತ್ತೆ!"

ಬೀಗರು ಬಲಗಡೆಯ ಬಾಯಿಯಲ್ಲಿ ಸ್ವಲ್ಪ ನಕ್ಕರು. ಅಳಿಯ ಓಡಿಬಂದು, "ಅಪ್ಪಾ, ಹೇಗಿತ್ತು?" ಎಂದ.

"ಚೆನ್ನಾಗಿ ಮಾಡ್ದೆ ಕಣಪ್ಪ," ಎಂದರು ಅವರು. "ನಾಳೆ ನನ್ನ ಮ್ಯಾಂಚೆಸ್ಟರಿಗೆ ಬಿಟ್ಟು ಬಾ."

"ಯಾಕಪ್ಪ? ಕ್ರಿಸ್‌ಮಸ್‌ವರೆಗೂ ಇರ್ತೀನಿ ಅಂದಿದ್ರಿ."

"ಬಿಟ್ಟು ಬಾ ಅಂದೆನಲ್ಲ."

ಮಾರನೆಯ ದಿನ ಅವರನ್ನು ಬಿಟ್ಟು ಬಂದ. ಅಳಿಯ ಹಿಂತಿರುಗಿದ ಮೇಲೆ ಯಾರೋ ಅವನ ಫೋನಿಗೆ ನಾಟಕದ ಫೋಟೋಗಳನ್ನು ಕಳಿಸಿದರು. ಅವನು ಮುಖವಾಡವನ್ನು ಬಣ್ಣದಲ್ಲಿ ನೋಡಿದ್ದು ಅದೇ ಮೊದಲು. ಅಡಿಗೆಮನೆಗೆ ಬಂದು ಫೋನನ್ನು ನನ್ನ ಮುಂದೆ ಹಿಡಿದ.

"ಮಾವ, ಇದು ಅಪ್ಪ ಅಲ್ವಾ?"

"ಎಲ್ಲಿ? ಛೆ, ಇಲ್ಲಪ್ಪ. ಆ ಹುಡುಗಿ ತೋರ್ಸಿದ್ಲಲ್ಲ, ರೋಮಿನೋರದ್ದು. ಅದನ್ನ ನೋಡ್ಕೊಂಡು ಮಾಡ್ದೆ."

"ಮಚ್ಚೆ ಇದೆ ಮಾವ."

"ಬಣ್ಣ ಸಿಡಿದಿರ್ಬೇಕು."

ಅವನು ಹೊರಗೆ ಹೋಗಿ ತಂದೆಗೆ ಫೋನ್ ಮಾಡಿದ. ತನಗೆ ಗೊತ್ತಿರಲಿಲ್ಲ, ಒಳಗಿನಿಂದ ಏನೂ ಕಾಣುವುದಿಲ್ಲ ಎಂದು ಮತ್ತೆ ಮತ್ತೆ ಹೇಳುತ್ತಿದ್ದದ್ದು ತೋಟದ ಕಡೆಯಿಂದ ನನಗೆ ಕೇಳಿಸುತ್ತಿತ್ತು. ನಾನು ಮುಖವಾಡವನ್ನು ಬಕೆಟ್ಟಿನ ನೀರಿನಲ್ಲಿ ನೆನೆಹಾಕಿದೆ. ಬಟ್ಟೆ, ಮೈದಾ, ಬಣ್ಣ ಎಲ್ಲ ಬೇರೆಬೇರೆಯಾಗಿ ಬಿಟ್ಟುಕೊಂಡವು. ಕಸದ ತೊಟ್ಟಿಗೆ ಹಾಕಿದೆ.

ಕೆಲವು ದಿನಗಳ ಮೇಲೆ ಬೀಗರು ನನಗೇ ಫೋನ್ ಮಾಡಿದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರ ಮಾತು ಮೊದಲೇ ತೊದಲು, ಫೋನಿನಲ್ಲಿ ಇನ್ನೂ ಅಸ್ಪಷ್ಟ.

"ಬೀಗ್ರೇ, ಒಂದು ಮಾತು ಕೇಳ್ತೀನಿ. ಹುಡುಗ ತನಗೆ ಗೊತ್ತೇ ಇರ್ಲಿಲ್ಲ ಅಂತಾನೆ. ನೀವು ಹಿರಿಯರು, ಅದನ್ನ ಮಾಡಿದೋರು. ನೀವು ಹೂಂ ಅಂದ್ರೆ ಸಾಕು, ನಂಬ್ತೀನಿ. ಅವನು ಹೇಳಿ ಮಾಡ್ಸಿದ್ದಲ್ಲ ತಾನೇ?"

ಅವರು ನನ್ನನ್ನು ಬೈಯಲು ಫೋನ್ ಮಾಡಿರಲಿಲ್ಲ. ಮಗನನ್ನು ನಂಬಲು ಒಂದು ದಾರಿ ಕೇಳುತ್ತಿದ್ದರು. ನಾನು ಮಾಡಿದೆ ಎಂದರೆ ಮಗಳ ಮುಂದೆ, ಅಳಿಯನ ಮುಂದೆ, ಇದೇ ಮನೆಯಲ್ಲಿ ನಾಳೆಯಿಂದ ಹೇಗೆ ಕೂತು ಊಟ ಮಾಡಲಿ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

"ಹುಡುಗ್ರು, ಬೀಗ್ರೇ," ಎಂದೆ. "ಏನೋ ತಮಾಷೆಗೆ ಹಾಗೆ ಮಾಡಿ ಅಂದ್ರು. ಮನಸ್ಸಿಗೆ ಹಚ್ಕೋಬೇಡಿ."

"ಸರಿ," ಎಂದರು. ಫೋನ್ ಇಟ್ಟರು.

ಅದಾದ ಮೇಲೆ ಅವರು ಬರ್ಮಿಂಗ್‌ಹ್ಯಾಮಿಗೆ ಬರಲಿಲ್ಲ. ಅಳಿಯ ಶನಿವಾರಗಳಂದು ಕಾರು ತೆಗೆದುಕೊಂಡು ಡಿಡ್ಸ್‌ಬರಿಗೆ ಹೋಗುತ್ತಿದ್ದ. ತಂದೆ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಅಣ್ಣನ ಜೊತೆ ಚಹ ಕುಡಿದು ವಾಪಸಾಗುತ್ತಿದ್ದ. ಬೀಗರು ಟ್ರಾಮು ಹತ್ತಿ ಲೈಬ್ರರಿಗೆ ಹೋಗುವುದನ್ನೂ ಬಿಟ್ಟರೆಂದು, ಮನೆಗೆ ಯಾರಾದರೂ ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆಂದು ಮಗಳು ಹೇಳಿದಳು. "ಮಾವ ಯಾಕೆ ಇಷ್ಟು ಹಟ ಮಾಡ್ತಾರೋ ಅಪ್ಪ, ನೀವಾದ್ರೂ ಒಂದು ಮಾತು ಹೇಳಿ," ಎಂದಳು. ಹೇಳುತ್ತೇನೆ ಎಂದೆ.

ಮುಂದಿನ ಚಳಿಗಾಲದಲ್ಲಿ ಅವರಿಗೆ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಎಲ್ಲರೂ ಮ್ಯಾಂಚೆಸ್ಟರಿಗೆ ಧಾವಿಸಿದೆವು. ಮಕ್ಕಳು ಡಾಕ್ಟರ ಜೊತೆ ಮಾತಾಡಲು ಹೊರಗೆ ಹೋದಾಗ ನಾನು ಹಾಸಿಗೆಯ ಪಕ್ಕ ಬಗ್ಗಿ, "ಬೀಗ್ರೇ, ಅದು ನಾನು ಮಾಡಿದ್ದು. ಅವನಿಗೆ ಗೊತ್ತಿರ್ಲಿಲ್ಲ. ನನ್ನನ್ನ ಕ್ಷಮಿಸಿಬಿಡಿ," ಎಂದೆ. ಅವರಿಗೆ ಯಾವುದೂ ಕೇಳಿಸುವ ಸ್ಥಿತಿಯಿರಲಿಲ್ಲ. ಅದು ಗೊತ್ತಿದ್ದದ್ದರಿಂದಲೇ ನಾನು ಹೇಳಿದೆ. ಕೇಳಿಸುವ ಹಾಗಿದ್ದರೆ ಹೇಳುತ್ತಿದ್ದೆನೆಂದು ನನಗೆ ಅನ್ನಿಸುವುದಿಲ್ಲ. ಮಾರನೆಯ ದಿನ ಹೋಗಿಬಿಟ್ಟರು.

ಚಿತಾಗಾರದಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟಿದ್ದರು. ಅಲ್ಲಿಯವರು ಏನು ಮಾಡಿದ್ದರೋ, ಬಾಯಿ ನೇರವಾಗಿತ್ತು, ಎರಡು ರೆಪ್ಪೆಯೂ ಸಮವಾಗಿ ಮುಚ್ಚಿದ್ದವು. ತಾಲೀಮಿನ ದಿನಗಳಲ್ಲಿ ಹುಡುಗಿ ಹೇಳಿದ್ದ ಒಂದು ಮಾತು ಅಲ್ಲಿ ನಿಂತಿದ್ದಾಗ ನೆನಪಾಯಿತು. ರೋಮಿನ ದೊಡ್ಡ ಮನೆತನಗಳಲ್ಲಿ ಯಾರಾದರೂ ಸತ್ತರೆ, ಹಿರಿಯರ ಮೇಣದ ಮುಖಗಳನ್ನು ಗೂಡಿನಿಂದ ತೆಗೆದು, ಬಾಡಿಗೆಯ ನಟರು ಹಾಕಿಕೊಂಡು ಶವದ ಮುಂದೆ ನಡೆಯುತ್ತಿದ್ದರಂತೆ. ಕೆಲವು ಸಲ ಸತ್ತವನ ಮುಖವನ್ನೇ ಒಬ್ಬ ಹಾಸ್ಯದ ನಟ ಹಾಕಿಕೊಂಡು, ಅವನ ನಡಿಗೆ, ಅವನ ಮಾತು, ಅವನ ಜಿಪುಣತನ ಎಲ್ಲವನ್ನೂ ನಕಲು ಮಾಡುತ್ತಿದ್ದನಂತೆ. ಜನ ನಗುತ್ತಿದ್ದರಂತೆ. ಆದರೆ ಅವರು ಅದನ್ನು ಮನುಷ್ಯ ಸತ್ತ ಮೇಲೆ ಮಾಡುತ್ತಿದ್ದರು. ಎದುರಿಗೆ ಕೂರಿಸಿಕೊಂಡು, ಅವನ ಮಗನ ಕೈಯಲ್ಲೇ ಮಾಡಿಸುತ್ತಿರಲಿಲ್ಲ.

ಹೊರಗೆ ಕಾರು ನಿಲ್ಲಿಸಿದ ಕಡೆ ಅಳಿಯ ಬಹಳ ಹೊತ್ತು ಕೀಲಿಕೈ ಹಿಡಿದು ನಿಂತಿದ್ದ. ನಾನು ಹತ್ತಿರ ಹೋದೆ.

"ಅಪ್ಪ ಕೊನೇವರೆಗೂ ನನ್ನ ನಂಬ್ಲಿಲ್ಲ ಮಾವ," ಎಂದ.

ಆಗ ಹೇಳಬಹುದಿತ್ತು. ಬಾಯಿವರೆಗೂ ಬಂದಿತ್ತು. "ಅವರು ಅದನ್ನೆಲ್ಲ ಯಾವಾಗ್ಲೋ ಮರೆತಿದ್ರು ಬಿಡಪ್ಪ," ಎಂದು ಅವನ ಬೆನ್ನು ಸವರಿದೆ. ಅವನು ತಲೆಯಾಡಿಸಿ, ನನ್ನ ಕಡೆಯ ಬಾಗಿಲು ತೆಗೆದು, ಮಂಡಿ ನೋವಿನ ನಾನು ಒಳಗೆ ಕೂರುವವರೆಗೂ ತೋಳು ಹಿಡಿದುಕೊಂಡಿದ್ದ.

ಆ ಹುಡುಗಿ ಓದು ಮುಗಿಸಿ ಊರಿಗೆ ಹೋದಳು. ಮತ್ತೆ ನಾಟಕ ಮಾಡೋಣವೆಂದು ಜನ ಕರೆದಾಗ ಅಳಿಯ ಬರುವುದಿಲ್ಲವೆಂದ. ರಾಜ್ಯೋತ್ಸವಕ್ಕೂ ಹೋಗುವುದಿಲ್ಲ. ಮನೆಯಲ್ಲಿ ನಗುವುದು ಕಡಿಮೆಯಾಗಿದೆ. ಮಗಳು ಅದನ್ನು ಕೆಲಸದ ಒತ್ತಡ ಎನ್ನುತ್ತಾಳೆ. ನನ್ನನ್ನು ಜಿಪಿ ಡಾಕ್ಟರ ಹತ್ತಿರ ಕರೆದೊಯ್ಯುವವನು ಅವನೇ, ಕಣ್ಣಿಗೆ ಔಷಧಿಯ ಹನಿ ಹಾಕಿದವನೂ ಅವನೇ. ಹನಿ ಹಾಕುವಾಗ ಅವನ ಮುಖ ನನ್ನ ಮುಖದ ಮೇಲೆ ಬಗ್ಗಿರುತ್ತಿತ್ತು. ಅವನಿಗೆ ನಿಜ ಗೊತ್ತಿದೆಯೋ ಏನೋ, ಅಷ್ಟು ಹತ್ತಿರದಿಂದ ನೋಡಿದರೂ ನನಗೆ ತಿಳಿಯಲಿಲ್ಲ. ಮಚ್ಚೆ ಸಿಡಿದ ಬಣ್ಣವೆಂದು ಅವನು ನಂಬಿದನೆಂದು ನನಗೆ ಅನ್ನಿಸುವುದಿಲ್ಲ. ಆದರೆ ನಾನು ಅವನ ತಂದೆಗೆ ಫೋನಿನಲ್ಲಿ ಹೇಳಿದ್ದು ಅವನಿಗೆ ಗೊತ್ತಿರಲಾರದು. ಗೊತ್ತಿದ್ದರೆ ಯಾರೂ ಹೀಗೆ ನೋಡಿಕೊಳ್ಳುವುದಿಲ್ಲ.

ಕೇಳಿಸಿಕೊಳ್ಳಲಾರದವರ ಹತ್ತಿರ ನಾನು ಕ್ಷಮೆ ಕೇಳಿದೆ. ದೇವರ ಮುಂದೆಯೂ ಕೇಳಿದ್ದೇನೆ, ಹೆಂಡತಿಯ ಫೋಟೋದ ಮುಂದೆಯೂ ಕೇಳಿದ್ದೇನೆ. ಯಾರ ಹತ್ತಿರ ಕೇಳಬೇಕೋ ಅವನು ಈಗ ಕೆಳಗೆ ಅಡಿಗೆಮನೆಯಲ್ಲಿ ಅನ್ನಕ್ಕಿಡುತ್ತಿದ್ದಾನೆ. ಇನ್ನು ಸ್ವಲ್ಪ ಹೊತ್ತಿಗೆ ಊಟಕ್ಕೆ ಕರೆಯುತ್ತಾನೆ. ನಾನು ಇನ್ನೂ ಕ್ಷಮೆ ಕೇಳದಿರುವುದು ಅವನನ್ನು: ನನ್ನ ಮಗಳ ಗಂಡನನ್ನು, ನನ್ನ ಬೀಗರ ಕಿರಿಯ ಮಗನನ್ನು.